ನೇರಳೆ ಗಾಡಿಯ ಎಡಗಡೆ ಸೀಟು

ಜನವರಿ 4

ಹೊಸ ವರ್ಷಕ್ಕೆ ಮಾಡಿದ ಸತ್ಸಿವಿಯನ್ನು ಇವತ್ತೂ ತಿಂದೆವು. ಟರ್ಕಿ ಕೋಳಿ ಎಂದೋ ಮುಗಿದಿದೆ, ಉಳಿದಿರುವುದು ಬರೀ ಅಕ್ರೋಟಿನ ಗೊಜ್ಜು. ಅದನ್ನು ಚೆಲ್ಲಲು ನಮ್ಮತ್ತೆ ಗುಲಿಕೊ ಬಿಡುವುದಿಲ್ಲ. ಗೊಜ್ಜು ಇರುವ ತನಕ ಹಬ್ಬ ಇದೆ ಎನ್ನುವುದು ಅವರ ಲೆಕ್ಕ.

ಊಟದ ಮಧ್ಯೆ ಮಗಳು ನುತ್ಸಾ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗೆ ಒಂದು ಬಟ್ಟೆ ಸಿಕ್ಕಿಸಿದಳು. ಗುಡೌರಿ ಬೆಟ್ಟದಲ್ಲಿ ಕಳೆದ ವರ್ಷ ನಡೆದ ಮಕ್ಕಳ ಸ್ಕೀ ಪಂದ್ಯದ ನಂಬರ್ ಬಟ್ಟೆ. ಅದನ್ನು ಎದೆಗೆ ಕಟ್ಟಿಕೊಂಡು ಅವಳು ಒಂದು ಮಾರು ದೂರವೂ ಜಾರಿದ್ದಿಲ್ಲ. ಅಲ್ಲಿಗೆ ಹತ್ತುವ ದಾರಿಯಲ್ಲಿ, ಮ್ಲೇತಾದ ತಿರುವಿನಲ್ಲಿ, ನಮ್ಮ ಹಳೇ ಕಾರು ಹಿಮದಲ್ಲಿ ಅಡ್ಡಡ್ಡ ಜಾರಿ ನಿಂತಿತು. ನನ್ನ ಗಂಡ ಝಾಝಾ ಚಕ್ರಕ್ಕೆ ಸರಪಳಿ ಸುತ್ತಲು ಹೋದ. ಸರಪಳಿ ಬೇರೆ ಯಾವುದೋ ಗಾಡಿಯ ಅಳತೆಯದು. ಅವನು ಅದರ ಜೊತೆ ಕುಸ್ತಿ ಮುಗಿಸುವ ಹೊತ್ತಿಗೆ ಮೇಲೆ ಪಂದ್ಯವೂ ಮುಗಿದಿತ್ತು. ಹುಡುಗಿ ಹಿಂದಿನ ಸೀಟಿನಲ್ಲಿ ಸ್ಕೀ ಬೂಟು ಹಾಕಿಕೊಂಡೇ ಕೂತಿದ್ದಳು, ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

"ಈ ಸಲ ನಂಗೆ ಹನ್ನೆರಡು. ಚಿಕ್ಕೋರ ಪಂದ್ಯ ಇದೇ ಕೊನೆ," ಅಂದಳು. "ಈ ಸಲನೂ ತಪ್ಪಿದ್ರೆ ನಾನು ಸ್ಕೀ ಬಿಟ್ಬಿಡ್ತೀನಿ. ಕೋಚ್‌ಗೂ ಹೇಳಿದ್ದೀನಿ."

ಝಾಝಾನ ಗಂಟಲಲ್ಲಿ ಗೊಜ್ಜು ನಿಂತಿತು. ನೀರು ಕುಡಿದು ಎದ್ದು ನಿಂತು, "ಫೋರ್ ವೀಲ್ ಗಾಡಿ ತರ್ತೀನಿ! ನಾಲ್ಕೂ ಚಕ್ರ ಎಳೆಯೋ ಗಾಡಿ! ಈ ತಂದೆ ಮಾತು ಕೊಟ್ಟಿದ್ದಾನೆ!" ಎಂದು ಘೋಷಿಸಿದ. ಪಂದ್ಯ ಇರುವುದು ಫೆಬ್ರವರಿಯ ಕೊನೆಯ ಭಾನುವಾರ.

ಗಾಡಿಯ ವಿಚಾರ ನನಗೇನೂ ತಿಳಿಯದು. ಲೈಸೆನ್ಸ್ ಇದೆ, ಕಾಲೇಜಿನಲ್ಲಿದ್ದಾಗ ಮಾಡಿಸಿದ್ದು. ಮದುವೆಯಾದ ಮೇಲೆ ಅದನ್ನು ಹೊರತೆಗೆದದ್ದು ಬ್ಯಾಂಕಿನವರು ಗುರುತು ಕೇಳಿದಾಗ ಮಾತ್ರ. ಕಾರಿನ ಕೀಲಿಕೈ ಝಾಝಾನ ಕೋಟಿನ ಎಡ ಜೇಬಿನಲ್ಲಿರುತ್ತದೆ. ಅದು ನಮ್ಮ ಮನೆಯ ಶಾಸನ.

ಜನವರಿ 12

ರುಸ್ತಾವಿಯ ಗಾಡಿ ಸಂತೆಗೆ ಹೋಗಿದ್ದೆವು. ಜೊತೆಗೆ ಗೋಚಾ. ನುತ್ಸಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವನು ಅವನು, ಹಾಗಾಗಿ ನಮಗೆ ರಕ್ತಸಂಬಂಧಿಗಿಂತ ಹೆಚ್ಚು. ಕೇಳಿದವರಿಗೂ ಕೇಳದವರಿಗೂ ಗಾಡಿಯ ಬಗ್ಗೆ ಬುದ್ಧಿ ಹೇಳುತ್ತಾನೆ. ಅವನ ಬಳಿ ಕನ್ನಡಿಯಂತೆ ಹೊಳೆಯುವ ಕರೀ ಜೀಪಿದೆ. ಯಾವ ಗಾಡಿಯನ್ನಾದರೂ ಅವನು ಎರಡೇ ರೀತಿಯಲ್ಲಿ ಪರೀಕ್ಷಿಸುತ್ತಾನೆ: ಚಕ್ರಕ್ಕೊಂದು ಒದೆ, ಬಾನೆಟ್ಟಿಗೊಂದು ಏಟು.

ಒಬ್ಬ ಮಾರುವವನು ಎದೆಯ ಮೇಲೆ ಕೈಯಿಟ್ಟು, "ಇದು ಅಮೆರಿಕದ ಒಬ್ರು ಅಜ್ಜಿ ಗಾಡಿ ಅಣ್ಣಾ. ಭಾನುವಾರ ಚರ್ಚಿಗೆ ಬಿಟ್ರೆ ಬೇರೆಲ್ಲೂ ಹೋಗಿಲ್ಲ," ಅಂದ.

ನಾನು ಮುಂಭಾಗದ ಬೆಸುಗೆ ನೋಡಿ, "ಚರ್ಚಿನ ಬಾಗಿಲಿಂದ ಹೋಗಿದ್ರೋ ಗೋಡೆಯಿಂದ ಹೋಗಿದ್ರೋ?" ಎಂದು ಕೇಳಿದೆ.

ಝಾಝಾ ನನ್ನನ್ನು ಪಕ್ಕಕ್ಕೆ ಕರೆದು, "ಗಂಡಸರು ಮಾತಾಡ್ತಾ ಇರುವಾಗ ವ್ಯಾಪಾರ ಕೆಡಿಸಬೇಡ ಕಣೇ," ಅಂದ. ನನಗೇನು ಗೊತ್ತು, ನಾನು ಶಾಲೆಯಲ್ಲಿ ಭೂಗೋಳ ಹೇಳುವವಳು.

ಜನವರಿ 18

ಸಂತೆಯಲ್ಲಿ ಎಲ್ಲರೂ ಕಳ್ಳರು, ಹಳ್ಳಿಯವರ ಹತ್ತಿರವೇ ನಿಯತ್ತಿನ ಗಾಡಿ ಸಿಗೋದು ಎಂದು ಗೋಚಾ ತೀರ್ಪು ಕೊಟ್ಟ. ಅದಕ್ಕೇ ಇವತ್ತು ಕಾಖೇತಿಗೆ. ವಜಾ ಅನ್ನುವ ದ್ರಾಕ್ಷಿ ಬೆಳೆಗಾರನದೊಂದು ಹಸಿರು ಜೀಪು.

ಯಡವಟ್ಟಾದದ್ದು ಅಂಗಳಕ್ಕೆ ಕಾಲಿಟ್ಟ ಕೂಡಲೇ. ನಮ್ಮ ಜಾರ್ಜಿಯನ್ನರಲ್ಲಿ ಗಾಡಿ ನೋಡಲು ಬಂದವನು ಮೊದಲು ಅತಿಥಿ, ಆಮೇಲೆ ಗಿರಾಕಿ. ವಜಾ ನೆಲದೊಳಗಿನ ಹಂಡೆ ತೆರೆದು ವೈನ್ ಮೊಗೆದ. ದೇವರಿಗೊಂದು ಲೋಟ, ಶಾಂತಿಗೊಂದು, ಗುರುಹಿರಿಯರಿಗೊಂದು. ವಜಾನ ತೀರಿಕೊಂಡ ಅಪ್ಪನ ಹೆಸರಿನಲ್ಲಿ ಲೋಟ ಎತ್ತುವ ಹೊತ್ತಿಗೆ ಝಾಝಾ, ಗೋಚಾ, ವಜಾ ಮೂವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಜೀಪು ಮೂಲೆಯಲ್ಲಿ ಅನಾಥವಾಗಿ ನಿಂತಿತ್ತು.

ಓಡಿಸಿ ನೋಡುವವರು ಯಾರು? ಕುಡಿಯದೆ ಇದ್ದವಳು ನಾನೊಬ್ಬಳೇ. ವಜಾನ ಹೆಂಡತಿ ನಾನುಲಿ ಪಕ್ಕದಲ್ಲಿ ಕೂತಳು. ಮೂರು ಸಲ ಎಂಜಿನ್ ಆರಿಸಿದೆ, ಬೇಲಿಯ ಗೂಟ ಮುರಿದೆ. ದ್ರಾಕ್ಷಿ ತೋಟದ ಕೆಸರಿನಲ್ಲಿ ಹೇಗೋ ಒಂದು ಸುತ್ತು ಹಾಕಿದೆವು. ಗೇರು ಬದಲಿಸಿದಾಗಲೆಲ್ಲ ಅಡಿಯಿಂದ ಯಾರೋ ಕೆಮ್ಮಿದ ಸದ್ದು.

"ಇದು ಯಾವಾಗ್ಲೂ ಹಿಂಗೇನಾ?" ಎಂದೆ.

"ಚಳಿಗಾಲದಾಗೆ ಹಿಂಗೆ. ಬೇಸಿಗೆನಾಗೆ ಹೊಗೆನೂ ಬತ್ತದೆ," ಅಂದಳು ನಾನುಲಿ. ನನಗೆ ಅವಳು ಬಹಳ ಹಿಡಿಸಿದಳು.

ಹಿಂತಿರುಗುವಾಗ ನಮ್ಮ ಹಳೇ ಕಾರನ್ನೂ ನಾನೇ ಟ್ಬಿಲಿಸಿಯ ತನಕ ತಂದೆ. ಬೇರೆ ದಾರಿಯಿರಲಿಲ್ಲ. ಕತ್ತು, ಭುಜ, ದವಡೆ ಎಲ್ಲ ನೋಯುತ್ತಿದೆ. ಇನ್ನು ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವುದಿಲ್ಲ.

ಜನವರಿ 19

ಬೆಳಿಗ್ಗೆ ಝಾಝಾ ತಲೆ ಹಿಡಿದುಕೊಂಡು ಕೂತಿದ್ದ. ಜೀಪು ಕೊಳ್ಳುತ್ತೇನೆಂದು ನಿನ್ನೆ ವಜಾನಿಗೆ ಮಾತು ಕೊಟ್ಟಿದ್ದಾನಂತೆ.

"ಅದು ಕೆಮ್ಮುತ್ತೆ ಕಣೋ," ಅಂದೆ.

"ಗೊತ್ತು. ಆದ್ರೆ ಅವರಪ್ಪನ ಆತ್ಮಕ್ಕೆ ಕುಡಿದು ಬಂದಿದ್ದೀನಿ ಖತುನಾ. ಇವತ್ತು ಫೋನ್ ಮಾಡಿ ನಿನ್ನ ಗಾಡಿ ಸರಿಯಿಲ್ಲ ಅಂತ ಹೆಂಗೆ ಹೇಳಲಿ? ನಾನೇನು ಮನುಷ್ಯನಲ್ವಾ?"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನಾನೇ ನಾನುಲಿಗೆ ಫೋನ್ ಮಾಡಿದೆ. "ಗಾಡಿ ಬೇಡ," ಅಂದೆ. "ಬೇಡ ಬಿಡವ್ವ, ಅವರಿಗೆ ನಾನು ಹೇಳ್ತೀನಿ," ಅಂದಳು. ಆಮೇಲೆ ಉಪ್ಪಿನಕಾಯಿ ಹಾಕುವ ವಿಧಾನದ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಝಾಝಾ ಬಾಯಿ ತೆರೆದುಕೊಂಡು ನೋಡುತ್ತಿದ್ದ, ನಾನೇನೋ ಬಾಂಬು ಬಿಚ್ಚಿದ ಹಾಗೆ.

ಜನವರಿ 26

ಹೊಸ ನಿಯಮ: ಗಾಡಿ ನೋಡುವ ತನಕ ವೈನ್ ಮುಟ್ಟಕೂಡದು. ಝಾಝಾ, ಗೋಚಾ ಇಬ್ಬರೂ ಕೈಮೇಲೆ ಕೈಯಿಟ್ಟು ಆಣೆ ಮಾಡಿದರು.

ತಿಯಾನೇತಿಯಲ್ಲಿ ಗಾಡಿ ಮಾರುವವರು ಪಾದ್ರಿ. ಫಾದರ್ ಇಲರಿಯೋನ್ ಬಾಗಿಲಲ್ಲೇ ಲೋಟ ಹಿಡಿದು ನಿಂತು ಆಶೀರ್ವಾದ ಮಾಡಿದರು. ಪಾದ್ರಿ ಕೊಟ್ಟ ಲೋಟವನ್ನು ಬೇಡವೆನ್ನಲು ಯಾವ ಜಾರ್ಜಿಯನ್ನನಿಗೆ ಎದೆ ಇದೆ? ಆಣೆ ಹೊಸಿಲು ದಾಟಲಿಲ್ಲ.

ಮತ್ತೆ ನಾನೇ. ಮುಂದೆ ಏಳು ಸಂತರ ಚಿತ್ರ ಅಂಟಿಸಿದ ಗಾಡಿ, ಪಕ್ಕದಲ್ಲಿ ಫಾದರ್, ಹಿಂದೆ ನುತ್ಸಾ. ಊರ ಹಿಂದಿನ ದಿಬ್ಬದ ಮೇಲೆ ಮೊಣಕಾಲು ಮಟ್ಟ ಹಿಮ. ಅರ್ಧ ಹತ್ತಿದಾಗ ಗಾಡಿಯ ಬಾಲ ಪಕ್ಕಕ್ಕೆ ತಿರುಗಿತು. ನಾನು ಚೀರಿದೆ.

"ಬ್ರೇಕ್ ತುಳೀಬೇಡಮ್ಮಾ," ಅಂದರು ಫಾದರ್, ಗಡ್ಡ ನೀವಿಕೊಳ್ಳುತ್ತ. "ಕಂದಕ ನೋಡ್ಬೇಡ. ಹೋಗ್ಬೇಕಾದ ಕಡೆ ನೋಡು."

ನೋಡಿದೆ. ಗಾಡಿಯೂ ಅತ್ತಲೇ ತಿರುಗಿತು. ದಿಬ್ಬದ ತುದಿಗೆ ಹೋಗಿ ನಿಂತೆವು.

"ಫೋರ್ ವೀಲ್ ಅಂದ್ರೆ ಹಿಂಗಿರಬೇಕು!" ಅಂದೆ.

"ಅದು ಕೆಟ್ಟೋಗಿ ಐದು ವರ್ಷ ಆಯ್ತಲ್ಲ ಮಗಳೇ. ಈಗ ಮುಂದಿನ ಎರಡೇ ಚಕ್ರ ಎಳೆಯೋದು. ಸುಳ್ಳು ಹೇಳಿ ಮಾರೋಕೆ ನಂಗಾಗಲ್ಲ."

"ಮತ್ತೆ ಹೆಂಗೆ ಹತ್ತಿದ್ವಿ?" ನುತ್ಸಾ ಕೇಳಿದಳು.

"ನಿಧಾನಕ್ಕೆ," ಅಂದರು ಫಾದರ್.

ವಿಷಯ ತಿಳಿಸಿದಾಗ ಗೋಚಾ ತೊದಲುತ್ತ, "ನೋಡಿದ್ರಾ, ಎಂಥಾ ಕಳಪೆ ಗಾಡಿ! ದೇವರ ದಯೆ, ಬಚಾವಾದ್ವಿ," ಅಂದ. ಹೌದು, ಸುಮ್ಮನೆ ಒಂದು ದಿನ ಹಾಳಾಯಿತು.

ಫೆಬ್ರವರಿ 1

ಗಾಡಿ ಸಿಗಲಿಲ್ಲ. ನುತ್ಸಾ ಗಾಡಿಯ ಮಾತೇ ಎತ್ತುತ್ತಿಲ್ಲ. ಫ್ರಿಜ್ಜು ತೆರೆಯುವಾಗಲೆಲ್ಲ ಆ ಬಟ್ಟೆ ಕೈಗೆ ತಾಗುತ್ತದೆ.

ಫೆಬ್ರವರಿ 8

ಗಾಡಿ ಸಿಕ್ಕಿತು! ಸಬುರ್ತಾಲೊದಲ್ಲಿ ಹಲ್ಲಿನ ಡಾಕ್ಟರ್ ಇಯಾ ಅನ್ನುವವರದು. ಜಪಾನಿನಿಂದ ಬಂದ ಹಳೇ ವ್ಯಾನು, ನಾಲ್ಕೂ ಚಕ್ರ ಎಳೆಯುತ್ತದೆ, ಏಳು ಜನ ಕೂರಬಹುದು, ಸ್ಕೀ ಹಲಗೆಗಳನ್ನು ಉದ್ದಕ್ಕೆ ಮಲಗಿಸಬಹುದು. ಬಣ್ಣ ಮಾತ್ರ ನೇರಳೆ.

ಇಯಾ ನಮಗೆ ಕೊಟ್ಟದ್ದು ಚಹಾ. ಝಾಝಾ ಲೋಟದೊಳಗೆ ಇಣುಕಿ ನೋಡಿ ನನ್ನ ಕಿವಿಯಲ್ಲಿ, "ಒಂದು ತೊಟ್ಟು ವೈನ್ ಕೊಡ್ದೇ ಇರೋರ ಜೊತೆ ಎಂಥಾ ವ್ಯಾಪಾರ? ಏನೋ ಮುಚ್ಚಿಡ್ತಾ ಇದ್ದಾರೆ," ಅಂದ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಕಾಲಡಿಯ ಚಾಪೆ ತಾವೇ ಎತ್ತಿ ತುಕ್ಕು ತೋರಿಸಿದರು. ಹೀಟರ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂದರು. ಚಳಿಗಾಲದಲ್ಲಿ ಸ್ವಾನೇತಿಯ ಬೆಟ್ಟದ ಹಳ್ಳಿಗಳಿಗೆ ಹೋಗಿ ಹಲ್ಲು ಕಿತ್ತು ಬರುತ್ತಿದ್ದರಂತೆ ಇದರಲ್ಲೇ.

ಒಂದೇ ತೊಡಕು. ಜಪಾನಿನ ಗಾಡಿಗೆ ಸ್ಟಿಯರಿಂಗ್ ಬಲಗಡೆ. ನಾವು ಓಡಿಸುವುದೂ ರಸ್ತೆಯ ಬಲಕ್ಕೇ. ಹಾಗಾಗಿ ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರಿಂದ ಬರುವುದು ಓಡಿಸುವವರಿಗೆ ಕಾಣುವುದಿಲ್ಲ, ಎಡಗಡೆ ಸೀಟಿನಲ್ಲಿ ಕೂತವರಿಗೆ ಕಾಣುತ್ತದೆ. ಅವರು "ಹೋಗು" ಅಂದರೆ ಹೋಗಬೇಕು, "ಬೇಡ" ಅಂದರೆ ನಿಲ್ಲಬೇಕು.

"ಎಡಗಡೆ ಕೂರೋರು ನಂಬಿಕಸ್ತರಾಗಿರಬೇಕು ಅಷ್ಟೇ," ಅಂದರು ಇಯಾ. "ನಮ್ಮೆಜಮಾನ್ರು ನಿದ್ದೆ ಮಾಡ್ತಿದ್ರು. ಅದಕ್ಕೇ ಮಾರ್ತಾ ಇರೋದು."

"ಗಂಡನ್ನಾ?" ಅಂದರು ಜೊತೆಗೆ ಬಂದಿದ್ದ ನಮ್ಮತ್ತೆ.

ಆಮೇಲೆ ಇಯಾ, "ಓಡಿಸಿ ನೋಡೋರು ಯಾರು?" ಅಂದರು. ಝಾಝಾ "ನಾನು" ಎನ್ನುವಷ್ಟರಲ್ಲಿ ಕೀಲಿ ನನ್ನ ಕೈಗೆ ಬಂದಿತ್ತು. ನಾನೇ ಹತ್ತಿರ ನಿಂತಿದ್ದೆನಲ್ಲ, ಅದಕ್ಕಿರಬೇಕು. ಒಂದು ಸುತ್ತು ಹಾಕಿ ಬಂದು ಇಳಿದಾಗ "ಇದೇ ಆಗಲಿ" ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ನೋಡಿದರು.

ಫೆಬ್ರವರಿ 12

ಝಾಝಾ ವ್ಯಾನು ಕಲಿಯುತ್ತಿದ್ದಾನೆ. ಜಪಾನಿನವರು ಸ್ಟಿಯರಿಂಗ್ ಪಕ್ಕದ ಹಿಡಿಗಳನ್ನೂ ಅದಲುಬದಲು ಮಾಡಿಟ್ಟಿದ್ದಾರೆ. ಎಡಕ್ಕೆ ತಿರುಗಬೇಕಾದರೆ ದೀಪದ ಬದಲು ವೈಪರ್ ಹಾಕುತ್ತಾನೆ. ನಮ್ಮ ಬೀದಿಯ ಜನ ಬಿಸಿಲಲ್ಲಿ ವೈಪರ್ ಆಡಿದರೆ ಝಾಝಾ ತಿರುಗುತ್ತಾನೆಂದು ತಿಳಿದು ದಾರಿ ಬಿಡುತ್ತಾರೆ. ನನಗೆ ಹಳೇ ಅಭ್ಯಾಸವೇ ಇಲ್ಲದ್ದರಿಂದ ಮರೆಯಬೇಕಾದದ್ದೂ ಇಲ್ಲ.

ಬ್ಯಾಟರಿ ಇಳಿಯಬಾರದೆಂದು ಚೀಸ್ ತರಲು ವ್ಯಾನಿನಲ್ಲಿ ಹೋಗಿಬಂದೆ.

ಫೆಬ್ರವರಿ 14

ಬ್ಯಾಟರಿಗೋಸ್ಕರ ಶಾಲೆಗೂ ವ್ಯಾನಿನಲ್ಲೇ ಹೋದೆ.

ಫೆಬ್ರವರಿ 16

ಬ್ಯಾಟರಿಗೋಸ್ಕರ ಕೊಜೋರಿ ಬೆಟ್ಟದ ತನಕ. ಮೇಲೆ ಹಿಮ ಬಿದ್ದಿತ್ತು. ಯಾರೂ ಇಲ್ಲದ ಬಯಲಿನಲ್ಲಿ ಬೇಕೆಂದೇ ಗಾಡಿಯನ್ನು ಜಾರಿಸಿದೆ, ಮತ್ತೆ ಸರಿಪಡಿಸಿದೆ, ಮತ್ತೆ ಜಾರಿಸಿದೆ. ಇದನ್ನು ಮನೆಯಲ್ಲಿ ಹೇಳಿಲ್ಲ. ನಲವತ್ತಮೂರು ವರ್ಷದ ಹೆಂಗಸು ಮಾಡುವ ಕೆಲಸವಲ್ಲ.

ಫೆಬ್ರವರಿ 22

ನಾಳೆ ಪಂದ್ಯ. ಗಾಡಿಗೆ ಇನ್ನೂ ವೈನ್ ಚಿಮುಕಿಸಿಲ್ಲ, ಅಪಶಕುನ ಎಂದು ಗೋಚಾ ಮಧ್ಯಾಹ್ನವೇ ಬಂದು ಕೂತ. ಅತ್ತೆ ಬೆಳಿಗ್ಗೆಯೇ ಮನೆಯಲ್ಲಿದ್ದ ವೈನನ್ನೆಲ್ಲ ಪಕ್ಕದ ಮನೆಗೆ ಸಾಗಿಸಿಬಿಟ್ಟಿದ್ದರು. "ಪಂದ್ಯ ಆಗ್ಲಿ, ಆಮೇಲೆ ಚಿಮುಕಿಸೋದೇನು, ಸ್ನಾನಾನೇ ಮಾಡಿಸಿ," ಅಂದರು. ಗೋಚಾ ಚಹಾ ಕುಡಿದು ಎದ್ದು ಹೋದ, ಹೋಗುವಾಗ ವ್ಯಾನಿನ ಚಕ್ರಕ್ಕೊಂದು ಒದ್ದು, "ನೇರಳೆಹಣ್ಣು! ನಾಳೆ ನನ್ನ ಜೀಪಿನ ಹಿಂದೆ ಹಿಂದೆ ಬನ್ನಿ ಅತ್ತಿಗೆ, ದಾರಿ ಮಾಡಿಕೊಡ್ತೀನಿ," ಅಂದ.

ಝಾಝಾ ನಾಳೆ ಓಡಿಸುತ್ತಾನೆ. ಅದೇ ಸರಿ. ಅದು ಅವನು ಕೊಟ್ಟ ಮಾತು. ಕೀಲಿ ಕೋಟಿನ ಎಡ ಜೇಬಿನಲ್ಲಿದೆ, ನೋಡಿದೆ.

ಫೆಬ್ರವರಿ 23

ಮಲಗುವ ಮುಂಚೆ ಇವತ್ತಿನದನ್ನು ಬರೆದುಬಿಡುತ್ತೇನೆ.

ಬೆಳಕು ಹರಿಯುವ ಮುಂಚೆ ಹೊರಟೆವು. ಝಾಝಾ ಸ್ಟಿಯರಿಂಗ್ ಹಿಡಿದಿದ್ದ, ಎಡಗಡೆ ಸೀಟಿನಲ್ಲಿ ಅತ್ತೆ. ತನಗೆ ದೂರದ ದೃಷ್ಟಿ ಹದ್ದಿನಂತಿದೆ ಎಂದು ಹಟ ಮಾಡಿ ಕೂತಿದ್ದರು. ಹದ್ದಿನಂತೆಯೇ ಇದೆ, ಆದರೆ ಚರ್ಚು ಕಂಡಾಗಲೆಲ್ಲ ಕಣ್ಣು ಮುಚ್ಚಿ ಮೂರು ಸಲ ಶಿಲುಬೆ ಗುರುತು ಹಾಕುತ್ತಾರೆ, ಆ ರಸ್ತೆಯಲ್ಲಿ ಚರ್ಚಿಗೇನು ಬರವೇ? "ಅಮ್ಮಾ, ಹೋಗ್ಲಾ?" ಎಂದು ಝಾಝಾ ಕೂಗಿದರೆ, "ಒಂದ್ನಿಮಿಷ ಇರೋ, ಸಂತ ಜಾರ್ಜ್!" ಎನ್ನುವ ಉತ್ತರ. ಅನಾನೂರಿ ದಾಟುವ ತನಕ ಒಂದು ಟ್ರ್ಯಾಕ್ಟರಿನ ಹಿಂದೆಯೇ ಹೋದೆವು.

ಪಸನೌರಿಯಲ್ಲಿ ಹಿಮ ಶುರುವಾಯಿತು. ಮ್ಲೇತಾದ ಬುಡಕ್ಕೆ ಬಂದಾಗ ರಸ್ತೆ ಯಾವುದು, ಬೆಟ್ಟ ಯಾವುದು ತಿಳಿಯದಷ್ಟು ಬಿಳಿ. ತಿರುವಿನಲ್ಲಿ ಕಾರುಗಳು ಸಾಲಾಗಿ ಸಿಕ್ಕಿಬಿದ್ದಿದ್ದವು. ಗಂಡಸರು ಇಳಿದು ಸಿಗರೇಟು ಸೇದುತ್ತ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತಿದ್ದರು. ಕಳೆದ ವರ್ಷ ನಾವು ನಿಂತದ್ದು ಅದೇ ಜಾಗ. ಝಾಝಾ ಪಕ್ಕದ ಸಮತಟ್ಟಿನಲ್ಲಿ ವ್ಯಾನು ನಿಲ್ಲಿಸಿದ. ಹಿಂದೆ ನುತ್ಸಾ ಬೂಟು ಬಿಗಿಯುವ ಸದ್ದು ಕೇಳಿತು, ಒಂದು ಕೊಕ್ಕೆ, ಇನ್ನೊಂದು ಕೊಕ್ಕೆ.

ಝಾಝಾ ಸ್ಟಿಯರಿಂಗ್ ಬಿಡಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆಮೇಲೆ ಇಳಿದು ಸುತ್ತಿಕೊಂಡು ಬಂದು ನನ್ನ ಬಾಗಿಲು ತೆಗೆದ.

"ಖತುನಾ, ನೀನು ಓಡಿಸು."

"ಯಾಕೆ? ಏನಾಯ್ತು?"

"ಮಗು ಮೇಲೆ ಹೋಗ್ಬೇಕು. ನನ್ನ ಕೈಲಿ ಆಗಲ್ಲ. ನೀನು ಓಡಿಸು."

ಪಾಪ, ಅಷ್ಟು ಬೇಗ ಎದ್ದಿದ್ದನಲ್ಲ, ಆಯಾಸವಾಗಿರಬೇಕು. ಅತ್ತೆಯನ್ನು ಹಿಂದೆ ಕಳಿಸಿ ಅವನು ಎಡಗಡೆ ಕೂತ. ಅಷ್ಟರಲ್ಲಿ ಒಬ್ಬ ಪೊಲೀಸ್ ಬಂದು ಎಡ ಕಿಟಕಿ ತಟ್ಟಿ, ಝಾಝಾನನ್ನು ಲೈಸೆನ್ಸ್ ಕೇಳಿದ.

"ನಾನು ಬರೀ ಕಣ್ಣು ಸಾರ್," ಅಂದ ಝಾಝಾ. "ಕೈ ಆ ಕಡೆ ಇದೆ."

ಪೊಲೀಸ್ ಬಗ್ಗಿ ನನ್ನನ್ನು ನೋಡಿದ. "ಫೋರ್ ವೀಲಾ? ಮೇಡಂ ಹತ್ತಿಸ್ತಾರಾ?"

"ಹತ್ತಿಸ್ತಾಳೆ," ಅಂದವರು ಹಿಂದಿನಿಂದ ಅತ್ತೆ. "ನೀನು ಕಿಟಕಿ ಬಿಡಪ್ಪಾ, ಚಳಿ."

ಸಿಕ್ಕಿಬಿದ್ದ ಸಾಲನ್ನು ದಾಟಬೇಕಾದರೆ ಎದುರಿನವರ ದಾರಿಗೆ ಹೋಗಬೇಕು. ನನಗೆ ಕಾಣುತ್ತಿದ್ದದ್ದು ಮುಂದಿನ ಕಾರಿನ ಬೆನ್ನು ಮಾತ್ರ. ಝಾಝಾ ಕಿಟಕಿ ಇಳಿಸಿ ಹಿಮ ಸುರಿಯುವಲ್ಲಿ ತಲೆ ಹೊರಗೆ ಹಾಕಿದ. "ಬೇಡ," ಅಂದ. "ಬೇಡ. ಲಾರಿ ಬರ್ತಿದೆ. ಬೇಡ." ಆಮೇಲೆ, "ಹೋಗು." ಹೋದೆ. ಸಂಸಾರ ಶುರುವಾದಾಗಿನಿಂದ ಅವನು ಇಷ್ಟು ಚಿಕ್ಕದಾಗಿ ಮಾತಾಡಿದ್ದಿಲ್ಲ, ನಾನು ಎದುರಾಡದೆ ಕೇಳಿದ್ದೂ ಇಲ್ಲ.

ಎರಡನೆಯ ತಿರುವಿನಲ್ಲಿ ಒಂದು ಕರೀ ಜೀಪು ರಸ್ತೆಗೆ ಅಡ್ಡಲಾಗಿ ಕೆಳಕ್ಕೆ ಜಾರಿ ಬರುತ್ತಿತ್ತು. ದಾರಿ ಮಾಡಿಕೊಡಲು ಮುಂಚೆಯೇ ಹೊರಟಿದ್ದ ಗೋಚಾ! ಚಕ್ರದ ಅಗಲವನ್ನೂ ಹೊಳಪನ್ನೂ ನೋಡಿ ಕೊಂಡವನು ಅದು ಬೇಸಿಗೆಯ ಟೈರೆಂದು ನೋಡಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಗೆ ಬಿತ್ತಂತೆ. ನಾನು ಬ್ರೇಕ್ ಮುಟ್ಟಲಿಲ್ಲ. ಜೀಪನ್ನು ನೋಡದೆ, ಜೀಪಿಗೂ ಗೋಡೆಗೂ ನಡುವಿನ ಜಾಗ ನೋಡಿದೆ. ವ್ಯಾನು ನಿಧಾನಕ್ಕೆ ಅಲ್ಲಿಂದ ನುಸುಳಿತು. ಗೋಚಾ ಜೀಪನ್ನು ಚರಂಡಿಯ ಹಿಮಕ್ಕೆ ಒರಗಿಸಿ ಟೋಪಿ ತೆಗೆದ. ನಮಸ್ಕಾರಕ್ಕೋ ತಲೆ ಕೆರೆಯಲಿಕ್ಕೋ ತಿಳಿಯದು.

ಕೋಚ್ ಹೆಸರು ಕೂಗುತ್ತಿದ್ದಾಗ ಮುಟ್ಟಿದೆವು. ನುತ್ಸಾ ಬಾಗಿಲು ಹಾಕುವುದನ್ನೂ ಮರೆತು ಓಡಿದಳು. ಮೂರನೆಯ ಬಾವುಟದ ಹತ್ತಿರ ಬಿದ್ದಳು. ಎದ್ದಳು, ಅಡ್ಡಡ್ಡ ಹೆಜ್ಜೆ ಹಾಕಿ ತಪ್ಪಿದ ಬಾವುಟದ ತನಕ ಮೇಲೆ ಹತ್ತಿದಳು, ಅಲ್ಲಿಂದ ಕೊನೆಯ ಗೆರೆಯ ತನಕ ಜಾರಿದಳು. ಕೊನೆಯಿಂದ ಮೂರನೆಯವಳು. ಮುಖ ನೋಡಿದರೆ ದೇಶ ಗೆದ್ದು ಬಂದವಳು.

"ಬಿದ್ಮೇಲೆ ಹೆಂಗೆ ಹತ್ತಿದ್ಯೇ ಚಿನ್ನಾ?" ಎಂದು ಝಾಝಾ ಕೇಳಿದ.

"ನಿಧಾನಕ್ಕೆ," ಅಂದಳು.

ಮಧ್ಯೆ ಒಂದು ಸಲ ಕೆಳಗೆ ಹೋಗಿ ಗೋಚಾನ ಜೀಪಿಗೆ ಹಗ್ಗ ಕಟ್ಟಿ ಎಳೆದು ತಂದೆ. ಅದಿರಲಿ. ಊಟಕ್ಕೆ ಮಾಂಸದ ರಸ ತುಂಬಿದ ಖಿಂಕಾಲಿ ಕಡುಬು ತಿಂದೆವು, ಬಹಳ ಚೆನ್ನಾಗಿತ್ತು. ರಸ ಸ್ವಲ್ಪವೂ ಚೆಲ್ಲದೆ ತಿಂದವರು ಅತ್ತೆಯೊಬ್ಬರೇ.

ಮೇಜಿನ ಯಜಮಾನಿಕೆ ಎಂದಿನಂತೆ ಗೋಚಾನದು. ದೇವರಿಗೆ, ಶಾಂತಿಗೆ, ಮಕ್ಕಳಿಗೆ ಕುಡಿದ ಮೇಲೆ, "ಈ ನೇರಳೆ ಗಾಡಿಗೆ!" ಎಂದು ಲೋಟ ಎತ್ತಿದ. ಝಾಝಾ ಎದ್ದು ನಿಂತ.

"ಗಾಡಿಗೆ ಆಮೇಲೆ," ಅಂದ. "ಹೋದ ವರ್ಷ ಆ ತಿರುವಿನಲ್ಲಿ ನಂಗೆ ಹೆದರಿಕೆ ಆಗಿತ್ತು. ಸರಪಳಿ ಸರಿಯಿಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಸರಪಳಿ ಸರಿಯಿದ್ದಿದ್ರೂ ನಾನು ಹತ್ತುತ್ತಿರಲಿಲ್ಲ. ಇವತ್ತೂ ಹೆದರಿಕೆ ಆಯ್ತು. ಹೆದರದೇ ಇದ್ದೋರಿಗೆ ಕುಡಿಯೋಣ." ಲೋಟವನ್ನು ನನ್ನ ಕಡೆ ಹಿಡಿದ.

ಎಲ್ಲರೂ ಎದ್ದರು. ನಾನು ಪಿಯರ್ ಹಣ್ಣಿನ ಪಾನಕದ ಲೋಟ ಹಿಡಿದುಕೊಂಡು ಕೂತೇ ಇದ್ದೆ. ಸಂತೋಷಕ್ಕೆ ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಅವನು ಹೇಳಿದ್ದು ತಪ್ಪು. ನನಗೂ ಹೆದರಿಕೆಯಾಗಿತ್ತು. ಕೈ ಖಾಲಿಯಿರಲಿಲ್ಲ, ಅಷ್ಟೇ.

ಫೆಬ್ರವರಿ 24

ಸಂಜೆ ಪಕ್ಕದ ಮನೆಯವರು ವ್ಯಾನು ಸ್ವಲ್ಪ ಸರಿಸಿ ಅಂದರು. ಝಾಝಾನ ಕೋಟಿನ ಎಡ ಜೇಬು ತಡಕಿದೆ, ಕೀಲಿ ಇಲ್ಲ. ಬಲ ಜೇಬು, ಒಳ ಜೇಬು, ಸೋಫಾದ ಸಂದು, ಎಲ್ಲಿಯೂ ಇಲ್ಲ. "ಎಲ್ಲಿಟ್ಟಿದ್ದೀಯೋ?" ಎಂದು ಕೂಗಿದೆ. "ನಿನ್ನ ಶಾಲೆ ಚೀಲದಲ್ಲಿ ನೋಡೇ," ಅಂದ, ಟೀವಿಯಿಂದ ಕಣ್ಣು ತೆಗೆಯದೆ. ಅಲ್ಲೇ ಇತ್ತು, ಕನ್ನಡಕದ ಡಬ್ಬಿಯ ಪಕ್ಕದಲ್ಲಿ. ಯಾಕೆ ಅಲ್ಲಿ ಹಾಕಿದನೋ, ಇನ್ನು ಅವನಿಗೆ ಬೇಕಾದಾಗಲೆಲ್ಲ ನನ್ನನ್ನು ಕೇಳಬೇಕಾಗುತ್ತದೆ.

ಫ್ರಿಜ್ಜಿನ ಮೇಲೆ ಹಳೇ ಬಟ್ಟೆ ಹೋಗಿ ಹೊಸದು ಬಂದಿದೆ, ಬೆವರಿನ ವಾಸನೆಯ ಸಮೇತ. ಮುಂದಿನ ವರ್ಷ ದೊಡ್ಡವರ ಗುಂಪು, ಪಂದ್ಯ ಸ್ವಾನೇತಿಯಲ್ಲಂತೆ. ಅಲ್ಲಿಯ ರಸ್ತೆಗೆ ಹೋಲಿಸಿದರೆ ಮ್ಲೇತಾ ಏನೂ ಅಲ್ಲ.

ಬೇಸಿಗೆ ರಜೆಯಲ್ಲಿ ಯಾವುದಾದರೂ ಶಾಲೆಗೆ ಸೇರಿ ಸರಿಯಾಗಿ ಡ್ರೈವಿಂಗ್ ಕಲಿತುಬಿಡಬೇಕು.